ಯಾವ ರಾಸಾಯನಿಕಕ್ಕೆ ಯಾವ ಕಾರ್ಟ್ರಿಡ್ಜ್? ಮಾಸ್ಕ್ ಕೊಳ್ಳುವ ಮೊದಲು ತಿಳಿಯಬೇಕಾದದ್ದು

‘ಸ್ಪ್ರೇ ಪೇಂಟಿಂಗ್‌ಗೆ ಯಾವ ಕಾರ್ಟ್ರಿಡ್ಜ್ ತಗೊಳ್ಳಬೇಕು?’ ‘ಆ್ಯಸಿಡ್ ತೊಟ್ಟಿ ಹತ್ತಿರ ಕೆಲಸ ಮಾಡೋರಿಗೆ ಎನ್95 ಸಾಕಾ?’ ‘ಹಳದಿ ಬಣ್ಣದ್ದು ಎಲ್ಲದಕ್ಕೂ ಆಗುತ್ತೆ ಅಂತಾರೆ, ನಿಜವಾ?’ ಪೇಂಟ್ ಬೂತ್, ಪ್ಲೇಟಿಂಗ್ ಘಟಕ, ಕೋಲ್ಡ್ ಸ್ಟೋರೇಜ್, ರೇಷ್ಮೆ ಸಾಕಣೆ ಮನೆ ಹೀಗೆ ಬೇರೆ ಬೇರೆ ಕಡೆಯ ಓದುಗರಿಂದ ಇವೇ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಒಂದೇ ಸಾಲಿನಲ್ಲಿ ಉತ್ತರ ಹೇಳಿಬಿಡಬಹುದು, ಆದರೆ ಅದು ಅಪಾಯ. ತಪ್ಪು ಕಾರ್ಟ್ರಿಡ್ಜ್ ಹಾಕಿಕೊಂಡವರು ಏನೂ ಹಾಕಿಕೊಳ್ಳದವರಿಗಿಂತ ಹೆಚ್ಚು ಧೈರ್ಯದಿಂದ ಹೆಚ್ಚು ಹೊತ್ತು ವಿಷದ ಗಾಳಿಯಲ್ಲಿ ನಿಲ್ಲುತ್ತಾರೆ. ಹಾಗಾಗಿ ಹಂತ ಹಂತವಾಗಿ ನೋಡೋಣ.

ಮೊದಲು ಎರಡು ಪದ. ಇಲ್ಲಿ ಮಾಸ್ಕ್ ಎಂದರೆ ರಬ್ಬರ್ ಅಥವಾ ಸಿಲಿಕೋನ್‌ನಿಂದ ಮಾಡಿದ, ತೊಳೆದು ಮತ್ತೆ ಬಳಸುವ ಮುಖಕವಚ. ಮೂಗು, ಬಾಯಿ, ಗಲ್ಲ ಮಾತ್ರ ಮುಚ್ಚುವುದು ಹಾಫ್ ಮಾಸ್ಕ್, ಕಣ್ಣೂ ಸೇರಿ ಪೂರ್ತಿ ಮುಖ ಮುಚ್ಚುವುದು ಫುಲ್ ಫೇಸ್. ಕಾರ್ಟ್ರಿಡ್ಜ್ ಎಂದರೆ ಅದಕ್ಕೆ ತಿರುಗಿಸಿ ಕೂರಿಸುವ ಡಬ್ಬಿ. ಅದರೊಳಗೆ ಸಕ್ರಿಯಗೊಳಿಸಿದ ಇದ್ದಿಲಿನ ಕಾಳುಗಳಿರುತ್ತವೆ.

1. ಕಾರ್ಟ್ರಿಡ್ಜ್ ಹಾಕಲೇಬಾರದ ಜಾಗ ಯಾವುದೆಂದು ಮೊದಲು ನೋಡಿ

ಕಾರ್ಟ್ರಿಡ್ಜ್ ಗಾಳಿಯನ್ನು ಸೋಸುತ್ತದೆ ಅಷ್ಟೆ, ಆಮ್ಲಜನಕ ಕೊಡುವುದಿಲ್ಲ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ 20.9 ಇರುತ್ತದೆ. ಶೇ 19.5ಕ್ಕಿಂತ ಕಡಿಮೆ ಇರುವ ಕಡೆ ಎಂಥ ದುಬಾರಿ ಕಾರ್ಟ್ರಿಡ್ಜ್ ಹಾಕಿದರೂ ಒಳಗೆ ಹೋಗಬಾರದು. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್, ಮೀನಿನ ತ್ಯಾಜ್ಯದ ತೊಟ್ಟಿ, ಮುಚ್ಚಿದ ರಿಯಾಕ್ಟರ್, ತಳದ ಸಂಪು ಇವೆಲ್ಲ ಇದೇ ಲೆಕ್ಕಕ್ಕೆ ಬರುತ್ತವೆ. ರಕ್ಷಣಾ ಸಾಧನವಿಲ್ಲದೆ ಯಾರನ್ನಾದರೂ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯಡಿ ಅಪರಾಧ. ಕಾರ್ಟ್ರಿಡ್ಜ್ ಮಾಸ್ಕ್ ಕೊಟ್ಟು ಇಳಿಸಿದರೆ ರಕ್ಷಣೆ ಕೊಟ್ಟಂತಾಗುವುದಿಲ್ಲ.

ಹೈಡ್ರೋಜನ್ ಸಲ್ಫೈಡ್ ಬಗ್ಗೆ ಎಲ್ಲರಿಗೂ ಗೊತ್ತಿರಬೇಕಾದ ಮಾತೊಂದಿದೆ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಸುಮಾರು 100 ಪಿಪಿಎಂ ಮುಟ್ಟುವಷ್ಟರಲ್ಲಿ ಮೂಗಿನ ಶಕ್ತಿಯನ್ನೇ ಅಡಗಿಸಿಬಿಡುತ್ತದೆ. (ಪಿಪಿಎಂ ಎಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನಿಲ ಎಂಬ ಲೆಕ್ಕ.) ‘ವಾಸನೆ ಹೋಯ್ತು, ಇನ್ನು ಪರವಾಗಿಲ್ಲ’ ಎಂದು ಒಳಗಿರುವವರು ಅಂದುಕೊಳ್ಳುವ ಹೊತ್ತಿಗೆ ಸಾವು ಹತ್ತಿರ ಬಂದಿರುತ್ತದೆ.

ಕೆಲವು ಅನಿಲಗಳನ್ನು ಸಾಮಾನ್ಯ ಇದ್ದಿಲು ಹಿಡಿಯುವುದೇ ಇಲ್ಲ. ಕಾರ್ಬನ್ ಮಾನಾಕ್ಸೈಡ್ (ಜನರೇಟರ್ ಹೊಗೆ, ಫೌಂಡ್ರಿಯ ಕುಲುಮೆ), ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್, ಆರ್ಗಾನ್, ಮೀಥೇನ್ ಈ ಗುಂಪಿನವು. ಇಂಥ ಕಡೆ, ಗಾಳಿಯಲ್ಲಿ ಏನು ಬೆರೆತಿದೆ ಎಂದು ಗೊತ್ತಿಲ್ಲದ ಕಡೆ, ದೊಡ್ಡ ಸೋರಿಕೆ ನಿಲ್ಲಿಸಲು ಹೋಗುವಾಗ, ಸಿಲಿಂಡರಿನಿಂದ ಅಥವಾ ಉಸಿರಾಟಕ್ಕೆಂದೇ ಶುದ್ಧಗೊಳಿಸಿದ ಪೈಪಿನಿಂದ ಗಾಳಿ ಬರುವ ಸಲಕರಣೆ ಬೇಕು. ವರ್ಕ್‌ಶಾಪಿನ ಕಂಪ್ರೆಸರ್ ಪೈಪನ್ನು ಮಾಸ್ಕಿಗೆ ಸಿಕ್ಕಿಸುವವರಿದ್ದಾರೆ. ಅದರಲ್ಲಿ ಎಣ್ಣೆಯ ಮಂಜು ಬರುತ್ತದೆ, ಕೆಲವೊಮ್ಮೆ ಕಾರ್ಬನ್ ಮಾನಾಕ್ಸೈಡ್ ಕೂಡ. ದಯವಿಟ್ಟು ಮಾಡಬೇಡಿ.

2. ಗಾಳಿಯಲ್ಲಿ ಏನಿದೆ ಎಂದು ಕಾಗದದಲ್ಲಿ ನೋಡಿ

‘ಥಿನ್ನರ್’, ‘ಹಾರ್ಡ್‌ನರ್’, ‘ಕ್ಲೀನರ್’ ಎಂಬವು ಅಂಗಡಿಯ ಹೆಸರುಗಳು. ಕಾರ್ಟ್ರಿಡ್ಜ್ ಆರಿಸಲು ಒಳಗಿನ ರಾಸಾಯನಿಕದ ಹೆಸರು ಬೇಕು. ಅದಕ್ಕಾಗಿ ಮಾರಾಟಗಾರರಿಂದ ಎಸ್‌ಡಿಎಸ್ ಕೇಳಿ ಪಡೆಯಿರಿ. ಒಂದು ರಾಸಾಯನಿಕದ ಸುರಕ್ಷತೆಯ ವಿವರಗಳೆಲ್ಲ ಇರುವ 16 ಭಾಗಗಳ ದಾಖಲೆ ಅದು. ಪೂರ್ತಿ ಓದಲು ಬಿಡುವಿಲ್ಲದಿದ್ದರೆ ಮೂರು ಭಾಗ ನೋಡಿ. 3ನೇ ಭಾಗದಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂದಿರುತ್ತದೆ. 8ನೇ ಭಾಗದಲ್ಲಿ ದಿನವಿಡೀ ಉಸಿರಾಡಬಹುದಾದ ಮಿತಿ ಮತ್ತು ಶಿಫಾರಸು ಮಾಡಿದ ಫಿಲ್ಟರ್ ಇರುತ್ತದೆ. 9ನೇ ಭಾಗದಲ್ಲಿ ಕುದಿಬಿಂದು.

ಕುದಿಬಿಂದು ಯಾಕೆ ಅಂದರೆ, ಬೇಗ ಆವಿಯಾಗುವ ದ್ರಾವಕಗಳು ಇದ್ದಿಲಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ. 65 ಡಿಗ್ರಿ ಸೆಲ್ಸಿಯಸ್ ಎಂಬ ಗೆರೆ ನೆನಪಿಡಿ. ಟೊಲ್ವೀನ್ (110), ಎಂಇಕೆ (80), ಈಥೈಲ್ ಅಸಿಟೇಟ್ (77), ಐಪಿಎ (82) ಗೆರೆಯ ಮೇಲಿನವು. ಅಸಿಟೋನ್ (56), ಎಂಡಿಸಿ ಎಂದು ಕರೆಯುವ ಡೈಕ್ಲೋರೋಮೀಥೇನ್ (40) ಗೆರೆಯ ಕೆಳಗಿನವು. ಮೆಥನಾಲ್ 64.7, ಹಾಗಾಗಿ ಅದೂ ಕೆಳಗಿನದೇ. ಔಷಧ ಕಾರ್ಖಾನೆಗಳಲ್ಲಿ ಈ ಕೆಳಗಿನ ಗುಂಪೇ ಹೆಚ್ಚು ತೊಂದರೆ ಕೊಡುವುದು.

ಲೂಸ್ ಥಿನ್ನರ್ ಕೊಳ್ಳುವವರಿಗೆ ಒಂದು ಮಾತು. ಡ್ರಮ್ಮಿನಿಂದ ಅಳೆದು ಕೊಡುವ ಮಾಲಿನ ಜೊತೆ ಎಸ್‌ಡಿಎಸ್ ಬರುವುದಿಲ್ಲ, ಒಳಗೆ ಎಷ್ಟು ಮೆಥನಾಲ್ ಬೆರೆತಿದೆ ಎಂದೂ ತಿಳಿಯುವುದಿಲ್ಲ. ಏನಿದೆಯೆಂದೇ ಗೊತ್ತಿಲ್ಲದ ದ್ರವಕ್ಕೆ ಸರಿಯಾದ ಕಾರ್ಟ್ರಿಡ್ಜ್ ಯಾರಿಂದಲೂ ಹೇಳಲಾಗದು. ಲೀಟರಿಗೆ ಸ್ವಲ್ಪ ಹೆಚ್ಚು ಕೊಟ್ಟಾದರೂ ವಿವರ ಕೊಡುವ ಕಂಪನಿಯದನ್ನೇ ತನ್ನಿ.

3. ಕಣವೋ, ಆವಿಯೋ, ಎರಡೂವೋ?

ಧೂಳು, ವೆಲ್ಡಿಂಗ್ ಹೊಗೆ, ದ್ರವದ ಸೂಕ್ಷ್ಮ ಹನಿ ಇವು ಕಣಗಳು. ಇವನ್ನು ಹಿಡಿಯುವುದು ನಾರಿನ ಫಿಲ್ಟರ್. ಅನಿಲ, ಆವಿ ಹಿಡಿಯುವುದು ಇದ್ದಿಲು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಎನ್95 ಹಾಕಿಕೊಂಡು ಥಿನ್ನರ್ ಕೆಲಸ ಮಾಡಿದರೆ ಆವಿಯೆಲ್ಲ ನೇರ ಒಳಗೆ. ‘ಕಾರ್ಬನ್ ಪದರದ ಎನ್95’ ಎಂದು ಮಾರುವ ಬಟ್ಟೆ ಮಾಸ್ಕು ಸಣ್ಣಪುಟ್ಟ ವಾಸನೆಯ ಕಿರಿಕಿರಿ ತಪ್ಪಿಸಲು ಸರಿ, ರಾಸಾಯನಿಕದಿಂದ ರಕ್ಷಣೆಗೆ ಅಲ್ಲ.

ಸ್ಪ್ರೇ ಮಾಡುವಲ್ಲಿ ಎರಡೂ ಇರುತ್ತವೆ: ಹನಿಯೂ ಆವಿಯೂ. ಆಗ ಗಾಳಿ ಮೊದಲು ಕಣದ ಫಿಲ್ಟರನ್ನು ದಾಟಿ, ಆಮೇಲೆ ಇದ್ದಿಲಿಗೆ ಹೋಗಬೇಕು. ಒಂದೇ ಡಬ್ಬಿಯಲ್ಲಿ ಎರಡೂ ಇರುವುದನ್ನು ಕೊಳ್ಳಬಹುದು. ಇಲ್ಲವೇ ಕಾರ್ಟ್ರಿಡ್ಜ್ ಮೇಲೆ ಪ್ಲಾಸ್ಟಿಕ್ ಮುಚ್ಚಳದಿಂದ ಹಿಡಿಸುವ ಪ್ರಿ-ಫಿಲ್ಟರ್ ಬಿಲ್ಲೆ ಹಾಕಬಹುದು. ಪೇಂಟಿಂಗ್‌ಗೆ ಬಿಲ್ಲೆಯದೇ ಲಾಭ, ಯಾಕೆಂದರೆ ಬಣ್ಣ ಕಟ್ಟಿಕೊಂಡಾಗ ಬಿಲ್ಲೆ ಮಾತ್ರ ಬದಲಿಸಿದರೆ ಸಾಕು.

4. ಬಣ್ಣ ನೋಡಿ ಕೊಳ್ಳಬೇಡಿ, ಅಕ್ಷರ ಓದಿ

ಅತಿ ಹೆಚ್ಚು ತಪ್ಪಾಗುವುದು ಇಲ್ಲೇ. ನಮ್ಮ ಮಾರುಕಟ್ಟೆಯಲ್ಲಿ ಯುರೋಪಿನ ಪದ್ಧತಿಯ ಕಾರ್ಟ್ರಿಡ್ಜೂ ಸಿಗುತ್ತದೆ, ಅಮೆರಿಕದ್ದೂ ಸಿಗುತ್ತದೆ. ಎರಡರ ಬಣ್ಣದ ಅರ್ಥ ಬೇರೆ ಬೇರೆ.

ಯುರೋಪಿನ ಇಎನ್ 14387 ಮಾನಕದಲ್ಲಿ:
- ಎ, ಕಂದು: 65 ಡಿಗ್ರಿಗಿಂತ ಮೇಲೆ ಕುದಿಯುವ ಸಾವಯವ ದ್ರಾವಕಗಳ ಆವಿ
- ಎಎಕ್ಸ್, ಇದೂ ಕಂದು: 65 ಡಿಗ್ರಿ ಮತ್ತು ಅದಕ್ಕಿಂತ ಕಡಿಮೆ ಕುದಿಬಿಂದುವಿನವು
- ಬಿ, ಬೂದು: ಕ್ಲೋರಿನ್, ಹೈಡ್ರೋಜನ್ ಸಲ್ಫೈಡ್, ಹೈಡ್ರೋಜನ್ ಸಯನೈಡ್‌ನಂಥವು
- ಇ, ಹಳದಿ: ಸಲ್ಫರ್ ಡೈಆಕ್ಸೈಡ್, ಇತರ ಆಮ್ಲ ಅನಿಲಗಳು
- ಕೆ, ಹಸಿರು: ಅಮೋನಿಯ
- ಪಿ, ಬಿಳಿ: ಕಣಗಳು

ಅಮೆರಿಕದ ನಿಯೋಶ್ ಪದ್ಧತಿಯಲ್ಲಿ ಕಪ್ಪು ಎಂದರೆ ಸಾವಯವ ಆವಿ, ಬಿಳಿ ಎಂದರೆ ಆಮ್ಲ ಅನಿಲ, ಹಳದಿ ಎಂದರೆ ಇವೆರಡೂ ಸೇರಿ, ಹಸಿರು ಎಂದರೆ ಅಮೋನಿಯ, ನೇರಳೆಗೆಂಪು ಎಂದರೆ ಪಿ100 ಕಣದ ಫಿಲ್ಟರ್.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅಮೆರಿಕದ ಹಳದಿ ಟೊಲ್ವೀನ್ ಹಿಡಿಯುತ್ತದೆ. ಯುರೋಪಿನ ಹಳದಿ ಒಂದೇ ಇದ್ದರೆ ಅದು ಟೊಲ್ವೀನ್‌ಗೆ ಅಲ್ಲ. ಬಿಳಿ ಪಟ್ಟಿ ಅಮೆರಿಕದ್ದಾದರೆ ಆಮ್ಲಕ್ಕೆ, ಯುರೋಪಿನದ್ದಾದರೆ ಧೂಳಿಗೆ. ‘ಹೋದ ಸಲ ಹಳದಿದು ತಂದಿದ್ವಿ, ಅದೇ ಕೊಡಿ’ ಎಂದು ಫೋನಿನಲ್ಲಿ ಹೇಳಿ ತರಿಸಿಕೊಂಡರೆ ಏನಾಗಬಹುದು ಎಂದು ಊಹಿಸಿ. ಸ್ಟೋರಿನವರಿಗೆ ಕೊಡುವ ಚೀಟಿಯಲ್ಲಿ ಬಣ್ಣ ಬರೆಯುವುದನ್ನೇ ನಿಲ್ಲಿಸಿ, ಪೂರ್ತಿ ಕೋಡ್ ಬರೆಯಿರಿ.

ಕೋಡ್ ಓದುವುದು ಹೀಗೆ. ಯುರೋಪಿನ ಡಬ್ಬಿಯ ಮೇಲೆ ‘ಎ2ಬಿ2ಇ2ಕೆ1ಪಿ3’ ಎಂದಿದೆ ಅನ್ನಿ (ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತದೆ). ಅಕ್ಷರ ಅನಿಲದ ಗುಂಪು, ಅದರ ಮುಂದಿನ ಅಂಕಿ ಎಷ್ಟು ಹಿಡಿಯಬಲ್ಲದು ಎಂಬುದು. 1 ಇದ್ದರೆ ಗಾಳಿಯಲ್ಲಿ 1000 ಪಿಪಿಎಂವರೆಗೆ, 2 ಇದ್ದರೆ 5000, 3 ಇದ್ದರೆ 10,000. ಇದು ಡಬ್ಬಿಯ ಮಿತಿ ಮಾತ್ರ. ಮಾಸ್ಕಿನ ಮಿತಿ ಬಹುತೇಕ ಇದಕ್ಕಿಂತ ತುಂಬಾ ಕಡಿಮೆ ಇರುತ್ತದೆ, ಮುಂದಿನ ಹಂತದಲ್ಲಿ ನೋಡೋಣ. ಪಿ ಮುಂದಿನ ಅಂಕಿ ಕಣಗಳನ್ನು ಎಷ್ಟು ಚೆನ್ನಾಗಿ ಸೋಸುತ್ತದೆ ಎಂಬುದಕ್ಕೆ, ಪಿ3 ಎಲ್ಲಕ್ಕಿಂತ ಮೇಲು.

ಅಮೆರಿಕದ ಡಬ್ಬಿಯಲ್ಲಿ ಅನುಮೋದನೆ ಸಂಖ್ಯೆ ‘ಟಿಸಿ’ ಎಂದು ಆರಂಭವಾಗುತ್ತದೆ. ಯಾವ ಯಾವ ಅನಿಲಕ್ಕೆ ಎಂದು ಎರಡೆರಡು ಅಕ್ಷರಗಳಲ್ಲಿ ಬರೆದಿರುತ್ತದೆ: ಒವಿ ಸಾವಯವ ಆವಿ, ಸಿಎಲ್ ಕ್ಲೋರಿನ್, ಎಚ್‌ಸಿ ಹೈಡ್ರೋಜನ್ ಕ್ಲೋರೈಡ್, ಎಸ್‌ಡಿ ಸಲ್ಫರ್ ಡೈಆಕ್ಸೈಡ್, ಎಎಂ ಅಮೋನಿಯ, ಎಫ್‌ಎಂ ಫಾರ್ಮಾಲ್ಡಿಹೈಡ್. ಹೈಡ್ರೋಜನ್ ಸಲ್ಫೈಡ್ ಪಕ್ಕದಲ್ಲಿ ‘ಎಸ್ಕೇಪ್ ಓನ್ಲಿ’ ಎಂದಿದ್ದರೆ, ಅದು ಓಡಿ ಪಾರಾಗಲು ಮಾತ್ರ, ಅಲ್ಲೇ ನಿಂತು ಕೆಲಸ ಮಾಡಲು ಅಲ್ಲ. ಇಲ್ಲಿನ ಕಣದ ಫಿಲ್ಟರ್‌ಗಳಲ್ಲಿ ಎನ್ ಎಣ್ಣೆಯ ಮಂಜಿಗೆ ಆಗುವುದಿಲ್ಲ, ಪಿ ಆಗುತ್ತದೆ.

ನಮ್ಮ ಬಿಐಎಸ್‌ನಲ್ಲೂ ಮಾನಕಗಳಿವೆ. ಅನಿಲದ ಫಿಲ್ಟರ್‌ಗಳಿಗೆ ಐಎಸ್ 15323, ಬಿಸಾಡುವ ಕಣದ ಮಾಸ್ಕ್‌ಗಳಿಗೆ ಐಎಸ್ 9473. ಇವು ಯಾವುವೂ ಇಲ್ಲದ, ‘ಕೆಮಿಕಲ್ ಕಾರ್ಟ್ರಿಡ್ಜ್’ ಎಂದಷ್ಟೇ ಅಚ್ಚಾದ ಅಗ್ಗದ ಡಬ್ಬಿಯನ್ನು ಯಾವ ಬೆಲೆಗೂ ಕೊಳ್ಳಬೇಡಿ.

5. ಎಷ್ಟಿದೆ ಎಂದು ಅಳೆಯಿರಿ, ಆಮೇಲೆ ಹಾಫೋ ಫುಲ್ಲೋ ತೀರ್ಮಾನಿಸಿ

ಅಮೆರಿಕದ ಓಶಾ ನಿಯಮದ ಪ್ರಕಾರ ಹಾಫ್ ಮಾಸ್ಕ್‌ನ ರಕ್ಷಣಾಂಕ 10, ಸರಿಯಾಗಿ ಪರೀಕ್ಷಿಸಿ ಕೂರಿಸಿದ ಫುಲ್ ಫೇಸ್‌ನದು 50. ದಿನದ ಮಿತಿಯನ್ನು ಈ ಅಂಕಿಯಿಂದ ಗುಣಿಸಿದರೆ ಆ ಮಾಸ್ಕ್ ಎಲ್ಲಿವರೆಗೆ ಕಾಯುತ್ತದೆ ಎಂದು ತಿಳಿಯುತ್ತದೆ. ಜೊತೆಗೆ ಐಡಿಎಲ್‌ಎಚ್ ಎಂಬ ಇನ್ನೊಂದು ಮಟ್ಟ ನೋಡಬೇಕು, ಅಂದರೆ ತಕ್ಷಣಕ್ಕೇ ಪ್ರಾಣಾಪಾಯ ತರುವ ಪ್ರಮಾಣ. ಆ ಗುಣಲಬ್ಧ, ಐಡಿಎಲ್‌ಎಚ್, ಡಬ್ಬಿಯ ಮಿತಿ ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಗಡಿ.

ಅಮೋನಿಯ ತೆಗೆದುಕೊಳ್ಳಿ. ದಿನದ ಮಿತಿ 25 ಪಿಪಿಎಂ, ಐಡಿಎಲ್‌ಎಚ್ 300. ಹಾಫ್ ಮಾಸ್ಕ್‌ಗೆ 25 × 10 = 250 ಪಿಪಿಎಂ. ಫುಲ್ ಫೇಸ್‌ಗೆ 25 × 50 = 1250 ಬರುತ್ತದೆ, ಆದರೆ 300 ದಾಟುವಂತಿಲ್ಲವಾದ್ದರಿಂದ ಗಡಿ 300ಕ್ಕೇ ನಿಲ್ಲುತ್ತದೆ. ಕೆ1 ಡಬ್ಬಿಯ ಮೇಲೆ 1000 ಎಂಬ ಲೆಕ್ಕ ಇದ್ದರೂ ಅಷ್ಟು ಅಮೋನಿಯದಲ್ಲಿ ನಿಲ್ಲಬಾರದು. ಡಬ್ಬಿಯ ಅಂಕಿಯನ್ನೇ ನಂಬಿ ಕೆಡುವುದು ಇಲ್ಲೇ.

ಅಳೆಯಲು ಕೈಯಲ್ಲಿ ಹಿಡಿಯುವ ಗ್ಯಾಸ್ ಡಿಟೆಕ್ಟರ್ ಅಥವಾ ಬಣ್ಣ ಬದಲಾಗುವ ಗಾಜಿನ ಕೊಳವೆ ಸಾಕು. ಕೆಲಸದವರ ಮೂಗಿನ ಮಟ್ಟದಲ್ಲಿ, ಕೆಲಸ ಜೋರಾಗಿ ನಡೆಯುವ ಹೊತ್ತಿನಲ್ಲಿ ಅಳೆಯಿರಿ. ಬೆಳಗ್ಗೆ ಬಾಗಿಲು ತೆಗೆದಾಗಿನ ಅಳತೆ ಉಪಯೋಗಕ್ಕೆ ಬಾರದು.

6. ಕೆಲಸಕ್ಕೆ ತಕ್ಕಂತೆ

*ಎನಾಮಲ್, ಎನ್‌ಸಿ ಪೇಂಟ್, ಪಾಲಿಶ್:* ಎ2ಪಿ2 ಅಥವಾ ಎ2ಪಿ3. ಅಮೆರಿಕದ್ದಾದರೆ ಒವಿ ಜೊತೆ ಪಿ95 ಅಥವಾ ಪಿ100 ಬಿಲ್ಲೆ.

*ಕಾರಿಗೆ ಹೊಡೆಯುವ 2ಕೆ ಪೇಂಟ್, ಪಿಯು ಪಾಲಿಶ್:* ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಇರುತ್ತದೆ. ಅಪಾಯಕಾರಿ ಪ್ರಮಾಣದಲ್ಲಿದ್ದರೂ ಅದರ ವಾಸನೆ ಬರುವುದಿಲ್ಲ. ಒಮ್ಮೆ ದೇಹ ಅದಕ್ಕೆ ಒಗ್ಗದಂತಾದರೆ, ಮುಂದೆ ಅತಿ ಸಣ್ಣ ಪ್ರಮಾಣವೂ ಉಬ್ಬಸ ತರುತ್ತದೆ. ಆ ಕಸುಬನ್ನೇ ಬಿಡಬೇಕಾಗಬಹುದು. ಇದಕ್ಕೆ ಶುದ್ಧ ಗಾಳಿ ಪೂರೈಸುವ ಮಾಸ್ಕೇ ಸರಿಯಾದದ್ದು. ಕಾರ್ಟ್ರಿಡ್ಜ್‌ನಿಂದ ನಿಭಾಯಿಸಲೇಬೇಕಾದ ಸಣ್ಣ ಕೆಲಸವಿದ್ದರೆ ಎ2ಪಿ3 ಹಾಕಿ, ಗಂಟೆಯ ಲೆಕ್ಕದಲ್ಲಿ ಕಟ್ಟುನಿಟ್ಟಾಗಿ ಬದಲಿಸಿ, ಹೊಡೆದು ಮುಗಿದ ಕೂಡಲೇ ಬೂತಿನೊಳಗೆ ಮಾಸ್ಕ್ ತೆಗೆಯಬೇಡಿ.

*ಪ್ಲೇಟಿಂಗ್, ಪಿಕ್ಲಿಂಗ್:* ಒಂದೇ ಶೆಡ್ಡಿನಲ್ಲಿ ನಾಲ್ಕು ತೊಟ್ಟಿ ಇದ್ದರೆ ನಾಲ್ಕೂ ಬೇರೆ. ಹೈಡ್ರೋಕ್ಲೋರಿಕ್ ತೊಟ್ಟಿಗೆ ಇ ಅಥವಾ ಬಿಇ ಸೇರಿದ್ದು, ಅಮೆರಿಕದ್ದಾದರೆ ಎಚ್‌ಸಿ ಎಂದು ಬರೆದದ್ದು. ಕ್ರೋಮಿಕ್ ಆ್ಯಸಿಡ್ ತೊಟ್ಟಿಯಿಂದ ಏಳುವುದು ಸೂಕ್ಷ್ಮ ಹನಿಗಳು, ಅದಕ್ಕೆ ಪಿ3 ಅಥವಾ ಪಿ100 ಬೇಕೇ ಬೇಕು. ನೈಟ್ರಿಕ್ ತೊಟ್ಟಿಯ ಬಗ್ಗೆ ವಿಶೇಷ ಎಚ್ಚರ ವಹಿಸಿ. ಹಿತ್ತಾಳೆ, ತಾಮ್ರ ಅದ್ದಿದಾಗ ಏಳುವ ಕಂದು ಹೊಗೆ ನೈಟ್ರೋಜನ್ ಡೈಆಕ್ಸೈಡ್. ಅದನ್ನು ಸಾಮಾನ್ಯ ಆಮ್ಲದ ಕಾರ್ಟ್ರಿಡ್ಜ್ ತಡೆಯುತ್ತದೆ ಎಂದು ನಂಬುವಂತಿಲ್ಲ. ಅದಕ್ಕೆಂದೇ ಇರುವ, ನೀಲಿ-ಬಿಳಿ ಪಟ್ಟಿಯ ‘ಎನ್‌ಒ-ಪಿ3’ ಫಿಲ್ಟರ್ ಬೇಕು, ಅದೂ ಒಮ್ಮೆ ಮಾತ್ರ ಬಳಸುವಂಥದ್ದು. ಈ ಹೊಗೆ ಕುಡಿದವರು ಆ ಹೊತ್ತಿಗೆ ಚೆನ್ನಾಗಿಯೇ ಇದ್ದು, ಮನೆಗೆ ಹೋಗಿ ಎಷ್ಟೋ ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಒದ್ದಾಡುತ್ತಾರೆ. ಕಂದು ಹೊಗೆ ಕುಡಿದವರನ್ನು ಕೆಮ್ಮಿಲ್ಲದಿದ್ದರೂ ಆಸ್ಪತ್ರೆಗೆ ಕಳಿಸಿ.

*ಐಸ್ ಪ್ಲಾಂಟ್, ಕೋಲ್ಡ್ ಸ್ಟೋರೇಜ್:* ಅಮೋನಿಯಕ್ಕೆ ಕೆ ಅಥವಾ ಎಎಂ. ಎರಡು ಪದ್ಧತಿಯಲ್ಲೂ ಹಸಿರೇ. ಕಣ್ಣು ಉರಿಯುವುದರಿಂದ ಫುಲ್ ಫೇಸ್ ಇರಲಿ. ಇದು ಎಣ್ಣೆ ತೆಗೆಯುವಂಥ ದಿನನಿತ್ಯದ ಕೆಲಸಕ್ಕೆ, ಪಾರಾಗುವುದಕ್ಕೆ. ಪೈಪ್ ಒಡೆದರೆ ಸಿಲಿಂಡರ್ ಸೆಟ್ ಹಾಕಿದವರು ಮಾತ್ರ ಒಳಗೆ ಹೋಗಬೇಕು.

*ರೇಷ್ಮೆ ಸಾಕಣೆ ಮನೆಯ ಸೋಂಕು ನಿವಾರಣೆ:* ಫಾರ್ಮಲಿನ್ ಬಳಸುವುದಾದರೆ ಲೇಬಲ್ ಮೇಲೆ ಫಾರ್ಮಾಲ್ಡಿಹೈಡ್ ಹೆಸರು ಇರಲೇಬೇಕು, ಬರೀ ಸಾವಯವ ಆವಿಯ ಡಬ್ಬಿ ಸಾಲದು. ಬ್ಲೀಚಿಂಗ್ ಪೌಡರ್‌ಗೆ ಕ್ಲೋರಿನ್ ಹಿಡಿಯುವ ಬಿ ಅಥವಾ ಸಿಎಲ್, ಜೊತೆಗೆ ಪುಡಿಗೆ ಕಣದ ಫಿಲ್ಟರ್.

*ತೋಟದ ಸಿಂಪಡಣೆ:* ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಆವಿಯಿಲ್ಲ, ತಾಮ್ರದ ಹನಿಗಳಷ್ಟೇ. ಪಿ2 ಸಾಕು. ಎಣ್ಣೆ ಮೂಲದ ಕೀಟನಾಶಕಗಳಿಗೆ ಎ ಜೊತೆ ಪಿ.

*ವೆಲ್ಡಿಂಗ್:* ಪಿ2, ಪಿ3. ಸತುವಿನ ಲೇಪನವಿರುವ ಶೀಟ್ ಆದರೆ ಪಿ3ಯೇ ಇರಲಿ.

7. ಬದಲಿಸುವ ಹೊತ್ತನ್ನು ಮೊದಲೇ ಗೊತ್ತು ಮಾಡಿ

‘ವಾಸನೆ ಬಂದಾಗ ಬದಲಿಸ್ತೀವಿ’ ಎಂಬ ಪದ್ಧತಿ ಬಿಡಿ. ಎಂಡಿಸಿ, ಮೆಥನಾಲ್‌ಗಳ ವಾಸನೆ ಗೊತ್ತಾಗುವ ಹೊತ್ತಿಗೆ ಗಾಳಿಯಲ್ಲಿ ಮಿತಿ ಮೀರಿರಬಹುದು.

ಇದ್ದಿಲಿನ ಕಾಳಿನೊಳಗಿನ ರಂಧ್ರಗಳು ಬಸ್ಸಿನ ಸೀಟುಗಳಿದ್ದಂತೆ. ತುಂಬಿದ ಮೇಲೆ ಹೊಸಬರಿಗೆ ಜಾಗವಿಲ್ಲ, ಬಲವಾದವರು ಬಂದರೆ ಕೂತ ಸಣ್ಣವರನ್ನು ಎಬ್ಬಿಸುತ್ತಾರೆ. ಟೊಲ್ವೀನ್ ಬಂದು ಅಸಿಟೋನನ್ನು ಹೊರದಬ್ಬುವುದು ಹಾಗೆಯೇ. ಅದಕ್ಕೇ ಎಎಕ್ಸ್ ಫಿಲ್ಟರನ್ನು ಒಮ್ಮೆ ಮಾತ್ರ ಬಳಸಬೇಕು, ಬೇರೆ ದ್ರಾವಕಗಳ ಮಿಶ್ರಣಕ್ಕೆ ಬಳಸಬಾರದು. ಗಾಳಿಯ ತೇವವೂ ಜಾಗ ಹಿಡಿಯುತ್ತದೆ.

ತಯಾರಕರ ಲೆಕ್ಕ ಸಿಗದಿದ್ದರೆ ಈ ಅಂದಾಜು ಬಳಸಿ. ಕುದಿಬಿಂದು 70 ಡಿಗ್ರಿಗಿಂತ ಹೆಚ್ಚು, ಪ್ರಮಾಣ 200 ಪಿಪಿಎಂಗಿಂತ ಕಡಿಮೆ, ಕೆಲಸ ಸಾಧಾರಣ ಎಂದಾದರೆ ಸುಮಾರು 8 ಗಂಟೆ. ಪ್ರಮಾಣ ಹತ್ತನೇ ಒಂದಕ್ಕೆ ಇಳಿದರೆ ಆಯುಷ್ಯ ಐದು ಪಟ್ಟು. ಮೈಮುರಿಯುವ ಕೆಲಸವಾಗಿ ಉಸಿರಾಟ ಎರಡು ಪಟ್ಟಾದರೆ ಅರ್ಧ. ತೇವಾಂಶ ಶೇ 85 ದಾಟಿದರೆ ಮತ್ತೆ ಅರ್ಧ. ಬೆಂಗಳೂರಿನ ಬೇಸಿಗೆಯಲ್ಲಿ 8 ಗಂಟೆ ಬಂದ ಕಾರ್ಟ್ರಿಡ್ಜ್ ಮಂಗಳೂರಿನ ಜುಲೈ ಮಳೆಯಲ್ಲಿ 4 ಗಂಟೆಗೇ ಮುಗಿಯಬಹುದು. ದೊಡ್ಡ ತಯಾರಕರ ಜಾಲತಾಣಗಳಲ್ಲಿ ನಿಮ್ಮ ರಾಸಾಯನಿಕ, ಪ್ರಮಾಣ, ತೇವಾಂಶ ಹಾಕಿದರೆ ಗಂಟೆ ಲೆಕ್ಕ ಹಾಕಿಕೊಡುವ ಸೌಲಭ್ಯವಿದೆ, ಅದು ಇದಕ್ಕಿಂತ ನಿಖರ.

ಕಣದ ಬಿಲ್ಲೆಯದು ಬೇರೆ ಗುರುತು: ಉಸಿರು ಎಳೆಯುವುದು ಕಷ್ಟವಾದರೆ ಬದಲಿಸಿ. ಕಾರ್ಟ್ರಿಡ್ಜ್ ಯಾವಾಗಲೂ ಜೋಡಿಯಾಗಿ ಬದಲಿಸಿ. ತೆರೆದ ದಿನಾಂಕವನ್ನು ಮಾರ್ಕರ್‌ನಲ್ಲಿ ಡಬ್ಬಿಯ ಮೇಲೇ ಬರೆಯಿರಿ. ಮಧ್ಯದಲ್ಲಿ ವಾಸನೆಯೋ ರುಚಿಯೋ ತಲೆಸುತ್ತೋ ಕಂಡರೆ ಗಂಟೆ ನೋಡದೆ ಹೊರಗೆ ಬನ್ನಿ.

8. ಮುಖಕ್ಕೆ ಕೂರದಿದ್ದರೆ ಎಲ್ಲವೂ ದಂಡ

ಒಂದು ಕಂಪನಿಯ ಮಾಸ್ಕಿಗೆ ಇನ್ನೊಂದು ಕಂಪನಿಯ ಕಾರ್ಟ್ರಿಡ್ಜ್ ಟೇಪು ಸುತ್ತಿ ಕೂರಿಸಬೇಡಿ. ಅಂಚು ತಾಗುವ ಕಡೆ ಗಡ್ಡ ಇರಬಾರದು, ಎರಡು ದಿನದ ಕುರುಚಲು ಕೂಡ. ಗಡ್ಡ ತೆಗೆಯದವರಿಗೆ ಬ್ಯಾಟರಿ ಫ್ಯಾನಿನ ಸಡಿಲ ಹುಡ್ ಕೊಡಿ.

ಪ್ರತಿ ಸಲ ಹಾಕಿದಾಗ ಎರಡು ಪರೀಕ್ಷೆ. ಅಂಗೈಯಿಂದ ಎರಡೂ ಕಾರ್ಟ್ರಿಡ್ಜ್ ಬಾಯಿ ಮುಚ್ಚಿ ಮೆಲ್ಲಗೆ ಉಸಿರೆಳೆದು 10 ಸೆಕೆಂಡ್ ಹಿಡಿಯಿರಿ. ಮಾಸ್ಕ್ ಒಳಗೆ ಎಳೆದುಕೊಂಡು ಹಾಗೇ ನಿಲ್ಲಬೇಕು. ಆಮೇಲೆ ಮುಂದಿನ ಉಸಿರು ಬಿಡುವ ಕವಾಟ ಮುಚ್ಚಿ ಮೆಲ್ಲಗೆ ಊದಿ. ಮಾಸ್ಕ್ ತುಸು ಉಬ್ಬಬೇಕು, ಅಂಚಿನಿಂದ ಗಾಳಿ ಹೊರಡಬಾರದು.

ಸೋರುತ್ತಿದ್ದರೆ ಪಟ್ಟಿ ಬಿಗಿಯುವ ಮೊದಲು ಕವಾಟದ ಮುಚ್ಚಳ ತೆಗೆದು ನೋಡಿ. ಒಳಗೆ ತೆಳುವಾದ ರಬ್ಬರ್ ಬಿಲ್ಲೆಯಿದೆ. ಅದರಡಿ ಒಂದು ಕೂದಲು ಸಿಕ್ಕಿದ್ದರೂ, ಒಣಗಿದ ಬಣ್ಣದ ಚೂರು ಅಂಟಿದ್ದರೂ, ಅಂಚು ಸುರುಳಿಯಾಗಿದ್ದರೂ ಉಸಿರೆಳೆದಾಗ ಹೊರಗಿನ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಕಾರ್ಟ್ರಿಡ್ಜ್ ಕೂರುವ ಜಾಗದ ಹಿಂದೆಯೂ ಒಂದೊಂದು ಬಿಲ್ಲೆ ಇರಬೇಕು. ತೊಳೆಯುವಾಗ ಅವು ಉದುರಿ ಕಳೆದುಹೋಗುವುದು ಸಾಮಾನ್ಯ. ಅವಿಲ್ಲದಿದ್ದರೆ ನೀವು ಬಿಡುವ ಒದ್ದೆ ಉಸಿರು ಇದ್ದಿಲಿಗೇ ಹೋಗಿ ಅದರ ಆಯುಷ್ಯ ತಗ್ಗಿಸುತ್ತದೆ. ಈ ಬಿಲ್ಲೆಗಳು ಬಿಡಿಭಾಗವಾಗಿ ಸಿಗುತ್ತವೆ, ತಂದಿಟ್ಟುಕೊಳ್ಳಿ.

9. ಇಡುವುದು, ಎಸೆಯುವುದು

ಬಳಕೆಯಲ್ಲಿಲ್ಲದಾಗ ಕಾರ್ಟ್ರಿಡ್ಜನ್ನು ಜಿಪ್ ಚೀಲದಲ್ಲಿ ಮುಚ್ಚಿ, ರಾಸಾಯನಿಕದಿಂದ ದೂರವಿಡಿ. ಪೇಂಟ್ ಬೂತಿನ ಮೊಳೆಗೆ ನೇತುಹಾಕಿದರೆ ರಾತ್ರಿಯಿಡೀ ಅದು ಆವಿ ಹೀರುತ್ತಲೇ ಇರುತ್ತದೆ. ಮುಚ್ಚಿಟ್ಟರೂ ಒಳಗೆ ಹಿಡಿದ ದ್ರಾವಕ ನಿಧಾನವಾಗಿ ಕಾಳಿನಿಂದ ಕಾಳಿಗೆ ಸರಿಯುತ್ತ ಮಾಸ್ಕಿನ ಬದಿಗೆ ಬರುತ್ತದೆ. ಸೋಮವಾರ ಬೆಳಗ್ಗೆಯ ಮೊದಲ ಉಸಿರಿಗೇ ವಾಸನೆ ಹೊಡೆಯುವುದು ಇದರಿಂದ. ಬೇಗ ಆವಿಯಾಗುವ ದ್ರಾವಕಕ್ಕೆ ಬಳಸಿದ್ದನ್ನು ಪಾಳಿ ಮುಗಿದ ಮೇಲೆ ಉಳಿಸಿಕೊಳ್ಳಬೇಡಿ. ಪ್ಯಾಕೆಟ್ ತೆರೆಯದಿದ್ದರೆ ಮೇಲೆ ಅಚ್ಚಾದ ದಿನಾಂಕದವರೆಗೆ ಇಡಬಹುದು. ತೆರೆದ ಮೇಲೆ ಬಳಸದಿದ್ದರೂ ಆರು ತಿಂಗಳ ಮಿತಿ ಹಾಕುವ ತಯಾರಕರಿದ್ದಾರೆ. ಕಾರ್ಟ್ರಿಡ್ಜನ್ನು ನೀರಿನಲ್ಲಿ ತೊಳೆಯುವುದು, ಕಂಪ್ರೆಸರ್ ಗಾಳಿ ಹೊಡೆಯುವುದು, ಬಿಸಿಲಿಗಿಟ್ಟು ‘ರೀಚಾರ್ಜ್’ ಮಾಡುವುದು ಯಾವುದೂ ನಡೆಯದು. ಮುಗಿದದ್ದನ್ನು ಕಸದ ಬುಟ್ಟಿಗೆ ಹಾಕದೆ, ನಿಮ್ಮ ಘಟಕದ ಅಪಾಯಕಾರಿ ತ್ಯಾಜ್ಯದ ಡ್ರಮ್ಮಿಗೆ ಹಾಕಿ. ಹಾಕುವ ಮೊದಲು ಡಬ್ಬಿಯ ಮೇಲೆ ದೊಡ್ಡದಾಗಿ ಗೆರೆ ಹೊಡೆಯಿರಿ, ಇಲ್ಲವಾದರೆ ಯಾರಾದರೂ ಎತ್ತಿಕೊಂಡು ಮತ್ತೆ ಹಾಕಿಕೊಳ್ಳುತ್ತಾರೆ.